ಮೊದಲ ನೀವು ಮಲ್ಕೋರಿ

ತುರ್ತು ಪರಿಸ್ಥಿತಿಯ ಕಾಲ. ಚಂದಾಪುರದ ಹೊರಗೆ, ಹಳ್ಳದ ದಂಡೆಯ ಹುಣಸೆ ಮರದಡಿ ಯೋಗ ಶಿಬಿರ ಇಟ್ಟುಕೊಂಡಿದ್ದೆ. ಮೊದಲ ದಿನವೇ ಸುತ್ತಲಿನ ಹಳ್ಳಿಗಳಿಂದ ಹತ್ತಿಪ್ಪತ್ತು ಗಂಡಸರು ಬಂದು ಚಾಪೆಗಳ ಮೇಲೆ ಕುಳಿತರು. ಶವಾಸನ ಹೇಳಿಕೊಡಲು, "ಅಂಗಾತ ಮಲ್ಕೋರಿ, ಕಣ್ಣು ಮುಚ್ರಿ, ಏನೂ ಆಗಂಗಿಲ್ಲ" ಎಂದೆ.

ಎಲ್ಲರೂ ಮಲಗಿದರು. ಅಷ್ಟರಲ್ಲಿ ಐನಾಪುರದ ಒಬ್ಬಾತ ಬಡಿಗೆ ಹಿಡಿದು ಬಂದು ನನ್ನೆದುರು ನಿಂತ.

"ನನ್ನ ತಮ್ಮನ್ನ ಎಬ್ಬಸ್ರಿ. ಇಲ್ಲಿ ಆಪರೇಷನ್ ಮಾಡ್ಲಿಕತ್ತಾರಂತ ಊರಿಗೆ ಖಬರ ಬಂದದ."

ಶಿಬಿರ ಎಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಯದೇ ಎಂದು ಜನ ಆಗ ಹೆದರುತ್ತಿದ್ದರು. 'ಯೋಗ ಶಿಬಿರ' ಎಂದು ಬೋರ್ಡು ಬರೆಸುವಾಗ ನನಗೆ ಅದು ಹೊಳೆದಿರಲೇ ಇಲ್ಲ.

"ಇದು ಯೋಗ, ಅಣ್ಣಾ. ಬರೇ ಉಸಿರಾಡೋದು. ಏನೂ ಆಗಂಗಿಲ್ಲ."

"ಆಪರೇಷನ್ ಮಾಡೋರೂ ಹಿಂಗೇ ಅಂತಾರ. ಖರೇ ಇದ್ರ ಮೊದಲ ನೀವು ಮಲ್ಕೋರಿ."

ಮಲಗಿದೆ. ಕಿವಿಯ ಪಕ್ಕ ಬಡಿಗೆ ನೆಲಕ್ಕೆ ಕುಟ್ಟುವ ಸದ್ದು. ಮೈ ಸಡಿಲ ಬಿಡಿ ಎಂದು ಊರಿಗೆಲ್ಲ ಹೇಳುವ ನನ್ನ ಮೈ ಕಟ್ಟಿಗೆಯಂತಾಗಿತ್ತು. ಸದ್ದು ನಿಂತ ಮೇಲೂ ಬಹಳ ಹೊತ್ತು ಕಣ್ಣು ತೆರೆಯುವ ಧೈರ್ಯ ಬರಲಿಲ್ಲ.

ತೆರೆದಾಗ ಚಾಪೆಗಳೆಲ್ಲ ಖಾಲಿ. ಕೊನೆಯ ಚಾಪೆಯಲ್ಲಿ ಒಬ್ಬ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದ. ಅವನ ಎದೆಯ ಮೇಲೆ ಕೈ ಒತ್ತಿಕೊಂಡು ಹೆಂಡತಿ ಕುಳಿತಿದ್ದಳು.

"ಆರು ಮಕ್ಕಳಾದ ಮ್ಯಾಲ ಈಗ ಒಪ್ಕೊಂಡಾರ್ರಿ," ಎಂದಳು. "ಇವ್ರು ಎದ್ದು ಓಡೋದ್ರೊಳಗ ಡಾಕ್ಟರನ್ನ ಕರಸ್ರಿ."