ಸಿಸೆಲ್‌ಳ ಕಾಟಾ

ಸಿಸೆಲ್ ಬಾಕ್‌ಳ ಅಂಗಡಿಗೆ ಹೋದವರು ಮೊದಲು ಬೈಸಿಕೊಳ್ಳುತ್ತಾರೆ, ಆಮೇಲೆ ತೂಗಿಸಿಕೊಳ್ಳುತ್ತಾರೆ. ಹಾಯಿ ಕಟ್ಟಿ ಅಲೆಯ ಮೇಲೆ ಓಡಿಸುವ ಬೋರ್ಡಿನ ಮಾತು ಬರುವುದು ಕೊನೆಗೆ.

ಡೆನ್ಮಾರ್ಕಿನ ಪಶ್ಚಿಮ ಕರಾವಳಿಯ ವೆಸ್ಟರ್ ಹಲ್ಮ್‌ನಲ್ಲಿ, ಮೀನಿನ ದೋಣಿಗಳನ್ನು ಮರಳ ಮೇಲೆ ಎಳೆದು ನಿಲ್ಲಿಸುವ ಜಾಗದ ಬೆನ್ನಿಗೇ ಅವಳ ಶೆಡ್ಡು. ಬಾಗಿಲ ಪಕ್ಕದಲ್ಲಿ ಕಬ್ಬಿಣದ ಹಳೆಯ ಕಾಟಾ. ಅವಳ ಅಪ್ಪ ಅದರ ಮೇಲೆ ಮೀನಿನ ಪೆಟ್ಟಿಗೆಗಳನ್ನು ತೂಗುತ್ತಿದ್ದ. ಈಗ ಹನ್ನೊಂದು ವರ್ಷದಿಂದ ಅದರ ಮೇಲೆ ಮನುಷ್ಯರು ನಿಲ್ಲುತ್ತಾರೆ.

ಸಿಸೆಲ್‌ಗೆ ಐವತ್ತೇಳು. ಮೀನುಗಾರನ ಮಗಳಾಗಿ ಹಾಯಿ ಬೋರ್ಡಿನವರ ಜೊತೆ ಸೇರಿದ್ದಕ್ಕೆ ಅಪ್ಪ ಎರಡು ವರ್ಷ ಅವಳ ಜೊತೆ ಮಾತಾಡಿರಲಿಲ್ಲ. ತಾನೇ ಮಾಡುವ ಬೋರ್ಡುಗಳನ್ನು ಉಜ್ಜಿ ಉಜ್ಜಿ ಅವಳ ಬೆರಳ ತುದಿಗಳು ನುಣ್ಣಗಾಗಿವೆ. ನಾಲಿಗೆ ಮಾತ್ರ ನುಣ್ಣಗಾಗಲಿಲ್ಲ.

ಒಂದು ಬೋರ್ಡು ಎಷ್ಟು ಭಾರ ತೇಲಿಸಬಲ್ಲದು ಎಂಬುದನ್ನು ಲೀಟರಿನಲ್ಲಿ ಹೇಳುತ್ತಾರೆ. ಗಾಳಿ ಜೋರಾದಷ್ಟೂ ಬೋರ್ಡು ಚಿಕ್ಕದಿರಬೇಕು. ದೊಡ್ಡದು ಒರಟು ನೀರಿನಲ್ಲಿ ಪುಟಿದು ಎಸೆಯುತ್ತದೆ. ಇಷ್ಟೇ ಆಗಿದ್ದರೆ ಜಗಳವಿರಲಿಲ್ಲ. ಆದರೆ ಹಲ್ಮ್‌ನ ಗಂಡಸರಿಗೆ ಕಡಿಮೆ ಲೀಟರ್ ಎಂದರೆ ಮೀಸೆಯಿದ್ದ ಹಾಗೆ. ಎಪ್ಪತ್ತು ಲೀಟರಿನದರ ಮೇಲೆ ನಿಂತೆ ಎಂದು ಹೇಳಿಕೊಳ್ಳಲು ತಮ್ಮ ತೂಕದಲ್ಲಿ ಹದಿನೈದು ಕಿಲೋ ನುಂಗಿಬಿಡುತ್ತಾರೆ. ಗಾಳಿ ಇರುವಷ್ಟು ಹೊತ್ತು ಸುಳ್ಳು ತೇಲುತ್ತದೆ. ಗಾಳಿ ನಡುವೆ ಕಾಲು ಗಂಟೆ ನಿಂತರೆ ಬೋರ್ಡು ಕಾಲಡಿಯಲ್ಲೇ ಮುಳುಗುತ್ತದೆ, ಆಗ ಸೆಳೆತ ಮನುಷ್ಯನನ್ನು ಉತ್ತರಕ್ಕೆ ಒಯ್ಯುತ್ತದೆ.

ಹನ್ನೊಂದು ವರ್ಷದ ಹಿಂದೆ ಅವಳ ತಮ್ಮ ಎಯ್ಲರ್‌ನನ್ನು ಹಾಗೆ ಒಯ್ದಿತ್ತು. ತೊಂಬತ್ತನಾಲ್ಕು ಕಿಲೋದವನು ಎಂಬತ್ತು ಎಂದು ಹೇಳಿ ಎಪ್ಪತ್ತೆರಡು ಲೀಟರಿನ ಬೋರ್ಡು ಹಿಡಿದು ಹೋಗಿದ್ದ. ಮೂರು ಗಂಟೆ ಹೊತ್ತು ಕಳೆದ ಮೇಲೆ ದೋಣಿಯವರು ಎತ್ತಿ ತಂದರು. ಜೀವ ಉಳಿಯಿತು. ಅವನು ಸಮುದ್ರ ಕಾಣದ ಒಳನಾಡಿಗೆ ಹೋಗಿಬಿಟ್ಟ. ಕ್ರಿಸ್‌ಮಸ್‌ಗೂ ಬರುವುದಿಲ್ಲ. ಆಗ ಅಂಗಡಿಯಲ್ಲಿ ಪಾಲುದಾರನಾಗಿದ್ದವನು ಪ್ರೇಬೆನ್ ಹೋಲ್ಕ್. ಬೋರ್ಡು ಕೊಟ್ಟವನು ಅವನೇ ಎಂದು ಹೇಳಿ ಆ ವಾರವೇ ಸಿಸೆಲ್ ಅವನನ್ನು ಹೊರಗೆ ಹಾಕಿ ಕಾಟಾವನ್ನು ಒಳಗೆ ತಂದಳು. ಈ ಕಾಟಾ ಯಾಕೆ ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: "ಪ್ರೇಬೆನ್ ಅನ್ನೋ ಮೂರ್ಖನಿಂದ."

ಈ ಅಕ್ಟೋಬರಿನಲ್ಲಿ ಆ ಪ್ರೇಬೆನ್ ಬಾಗಿಲಲ್ಲಿ ಬಂದು ನಿಂತ. ಅವನ ಬೋರ್ಡು ಹಿಂದಿನ ದಿನ ಎರಡು ತುಂಡಾಗಿತ್ತು. ಶನಿವಾರ ಹಳಬರ ಹಾಯಿ ಬೋರ್ಡಿನ ಓಟ. ಸುತ್ತಲಿನ ಬೇರೆ ಅಂಗಡಿಗಳು ಚಳಿಗಾಲಕ್ಕೆ ಮುಚ್ಚಿದ್ದವು. ವಾಯವ್ಯದ ಗಾಳಿ ತಗಡಿನ ಮಾಡನ್ನು ಎತ್ತಿ ಎತ್ತಿ ಬಿಡುತ್ತಿತ್ತು. ಬೆಂಚಿನ ಮೇಲೆ ಕಾಫಿ ಕುಡಿಯುತ್ತಿದ್ದ ಬೇಕರಿಯ ಗ್ರೇಟ ಕಪ್ಪನ್ನು ಕೆಳಗಿಟ್ಟಳು.

"ಎಪ್ಪತ್ತೆರಡರದ್ದು ಕೊಡು," ಎಂದ.

"ಕಾಟಾ ಅಲ್ಲಿದೆ."

"ನಾನೇನು ಮೀನಾ?"

"ಮೀನಾಗಿದ್ರೆ ಚಿಂತೆ ಇರ್ಲಿಲ್ಲ. ಈಜ್ಕೊಂಡು ಬರ್ತಿದ್ದೆ."

"ಎಂಬತ್ತು ಕಿಲೋ ಇದೀನಿ, ಬರ್ಕೋ."

"ಮದ್ವೆ ದಿನ ಇದ್ದೆಯೇನೋ. ಹೆಂಡ್ತಿ ಬಿಟ್ಟು ಹೋದ್ಲು, ಹೊಟ್ಟೆ ಬಿಟ್ಟು ಹೋಗ್ಲಿಲ್ಲ."

ಗ್ರೇಟ ಕಿಸಕ್ಕೆಂದಳು. ಪ್ರೇಬೆನ್‌ನ ಕಿವಿ ಕೆಂಪಾಯಿತು. "ಕೊಡ್ತೀಯೋ ಇಲ್ವೋ? ನಿನ್ನ ಬೈಗುಳ ತೂಗೋಕೆ ಬಂದಿಲ್ಲ ನಾನು."

ಸಿಸೆಲ್ ಅವನನ್ನು ನೋಡಿದಳು. ಹನ್ನೊಂದು ವರ್ಷ ಊರಿಗೆಲ್ಲ ಇವನ ಹೆಸರು ಹೇಳಿದ್ದಳು. ಈಗ ಅವನೇ ಕೈಚಾಚಿ ಕೇಳುತ್ತಿದ್ದಾನೆ. ಹೋಗಲಿ, ಸೆಳೆತವೇ ತೂಗಲಿ ಎನ್ನಿಸಿತು. ಗೋಡೆಯಿಂದ ಎಪ್ಪತ್ತೆರಡರ ಬೋರ್ಡನ್ನು ಇಳಿಸಿ ಅವನ ಕೈಗೆ ತುರುಕಿದಳು.

ಅವನು ಬೋರ್ಡನ್ನು ನೋಡಿದ, ಅವಳನ್ನು ನೋಡಿದ.

"ಅವತ್ತು ಎಯ್ಲರ್‌ಗೂ ಹೀಗೇ ಕೊಟ್ಟಿದ್ದು ನೀನು," ಎಂದ. "ನಾನು ದಡದಲ್ಲಿದ್ದೆ. ಅವ್ನು ಪಿರಿಪಿರಿ ಮಾಡ್ತಿದ್ದ, ತೊಲಗ್ಲಿ ಅಂತ ಕೈಗೆ ಕೊಟ್ಟೋಳು ನೀನು. ಊರಿಗೆಲ್ಲ ನನ್ನ ಹೆಸ್ರು ಹೇಳಿದೆ. ನಾನು ಬಾಯಿ ಬಿಟ್ನಾ?"

ಗ್ರೇಟ ನಗಲಿಲ್ಲ. ಮಾಡಿನ ತಗಡು ಒಮ್ಮೆ ಎದ್ದು ಬಿತ್ತು.

ಸಿಸೆಲ್ ಬೋರ್ಡನ್ನು ಅವನ ಕೈಯಿಂದ ಕಿತ್ತುಕೊಂಡಳು. "ಕಾಟಾ ಹತ್ತು. ಇಲ್ಲಾಂದ್ರೆ ಹೊರಗೆ ನಡಿ."

ಓಟ ಬಿಡುವ ಮನಸ್ಸು ಅವನಿಗಿರಲಿಲ್ಲ. ಜಾಕೆಟ್ ಬಿಚ್ಚಿದ, ಶೂ ಬಿಚ್ಚಿದ, ಜೇಬಿನ ಬೀಗದ ಕೈಯನ್ನೂ ತೆಗೆದಿಟ್ಟ. ಮುಳ್ಳು ನಿಂತದ್ದು ತೊಂಬತ್ತಾರರಲ್ಲಿ.

"ಬೀಗದ ಕೈಯೇ ಹದಿನಾರು ಕಿಲೋ ಇತ್ತೇನೋ," ಎಂದಳು ಗ್ರೇಟ ಮೆಲ್ಲಗೆ.

ಸಿಸೆಲ್ ಏಣಿ ಹಾಕಿ ಅಟ್ಟ ಹತ್ತಿದಳು. ಬಟ್ಟೆ ಸುತ್ತಿದ್ದ ಒಂದು ಬೋರ್ಡನ್ನು ಇಳಿಸಿದಳು. ನೂರ ಹತ್ತು ಲೀಟರ್. ಆದರೆ ಅಗಲ ಕಡಿಮೆ, ನಡು ದಪ್ಪ, ಬಾಲ ಸಪೂರ. ಭಾರದ ಮನುಷ್ಯ ಕೆಟ್ಟ ನೀರಿನಲ್ಲಿ ಅದನ್ನು ಹಿಂದಿಟ್ಟ ಕಾಲಿನಿಂದ ಒತ್ತಿ ಹಿಡಿಯಬಹುದು. ಗಾಳಿ ನಿಂತರೆ ಅದರ ಮೇಲೆ ನಿಂತೇ ಮನೆಗೆ ಬರಬಹುದು.

"ನನ್ನ ಹೊಟ್ಟೆ ಕನಸಲ್ಲಿ ಕಂಡು ಮಾಡಿದ್ಯಾ?" ಎಂದ ಪ್ರೇಬೆನ್.

"ಎಯ್ಲರ್‌ಗೆ ಮಾಡಿದ್ದು. ಅವ್ನು ತಗೊಂಡು ಹೋಗ್ಲಿಲ್ಲ." ಅವಳು ಬಟ್ಟೆ ಮಡಚುತ್ತಿದ್ದಳು. "ಓಟಕ್ಕೆ ಮಾತ್ರ. ಅಡಿಗೆ ಚಿಕ್ಕ ಫಿನ್ ರೆಕ್ಕೆ ಹಾಕು. ಗೀರು ಬಿದ್ರೆ ನಿನ್ನ ಚರ್ಮ ಸುಲಿತೀನಿ."

ಶನಿವಾರ ಮಧ್ಯಾಹ್ನ ಕಪ್ಪು ಮೋಡವೊಂದು ಹಾದುಹೋಯಿತು, ಅದರ ಬೆನ್ನಿಗೆ ಗಾಳಿ ಸತ್ತಿತು. ಅಲೆಗಳು ಮಾತ್ರ ನಿಲ್ಲಲಿಲ್ಲ. ಕಡಿಮೆ ಲೀಟರಿನ ಬೋರ್ಡಿನ ಐವರು ಎದೆಮಟ್ಟ ಮುಳುಗಿ ಬೋರ್ಡಿಗೆ ಜೋತುಬಿದ್ದರು. ರಬ್ಬರ್ ದೋಣಿ ಒಬ್ಬೊಬ್ಬರನ್ನೇ ಎತ್ತತೊಡಗಿತು. ಪ್ರೇಬೆನ್ ನಿಂತೇ ಇದ್ದ. ಹಾಯಿ ಜೋಲುತ್ತಿತ್ತು, ಆದರೂ ಸೆಳೆತದ ಜೊತೆ ಓರೆಯಾಗಿ ಸಾಗಿ ಒಂದು ಕಿಲೋಮೀಟರ್ ಉತ್ತರಕ್ಕೆ ದಡ ಹತ್ತಿದ. ಮರಳಿನ ದಿಬ್ಬದ ಮೇಲೆ ನಿಂತಿದ್ದ ಸಿಸೆಲ್ ಅವನ ಕಾಲು ನೆಲ ಮುಟ್ಟುವವರೆಗೂ ಕಣ್ಣು ಕೀಳಲಿಲ್ಲ. ಮುಟ್ಟಿದ ಕೂಡಲೇ ಬೆನ್ನು ತಿರುಗಿಸಿದಳು.

ಸಂಜೆ ಅವನು ಬೋರ್ಡು ಹೊತ್ತುಕೊಂಡು ಬಂದು ಬಾಗಿಲಿಗೆ ಒರಗಿಸಿದ.

"ಕುದ್ರೆ ಥರ ಒದೆಯುತ್ತೆ ಇದು."

"ಬಾಲ ಒತ್ತೋಕೆ ಬರ್ದೇ ಇದ್ರೆ ಒದೆಯುತ್ತೆ."

"ನನಗೇ ಮಾರಿಬಿಡು."

"ನಿನಗಾ? ನಡಿ ನಡಿ."

ಅವನು ಉಗುಳಿ ಹೋದ. ಅವಳು ಬೋರ್ಡನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಗೀರಿಗಾಗಿ ಬೆರಳಾಡಿಸಿದಳು. ಸಿಗಲಿಲ್ಲ, ಸಿಟ್ಟು ಬಂತು.

ಸೋಮವಾರ ಜರ್ಮನಿಯಿಂದ ಬಂದ ಎತ್ತರದ ಯುವಕನೊಬ್ಬ ಕಾಟಾ ನೋಡಿ ನಕ್ಕ. "ಇದ್ಯಾಕೆ ಇಲ್ಲಿ?"

ಬೆಂಚಿನ ಮೇಲಿದ್ದ ಗ್ರೇಟ ಆ ಹಳೆಯ ಉತ್ತರಕ್ಕಾಗಿ ಕಾದಳು.

"ನನ್ನ ತಮ್ಮನ್ನ ತೂಗದೇ ಕಳಿಸಿದ್ದೆ," ಎಂದಳು ಸಿಸೆಲ್. "ಹಲ್ಲು ಕಿಸೀಬೇಡ. ಶೂ ಬಿಚ್ಚು, ಹತ್ತು."