ಮಾವನ ಚೆಂಡು, ನನ್ನ ಪಾಠ
ಹಿರೋಳ್ಳಿಯಲ್ಲಿ ನನ್ನ ಸೋದರಮಾವ ಎಸೆದ ಚಿಂದಿಚೆಂಡಿಗೆ ಬ್ಯಾಟು ತಾಗಿಸಿದವರೇ ಇರಲಿಲ್ಲ. ನಿಜಾಮರ ಗಡಿಯಾಚೆ ಸೋಲಾಪುರದಲ್ಲಿ ಕ್ರಿಕೆಟ್ ಕಲಿತು ಬಂದಿದ್ದ ಅವನ ಚೆಂಡು, ಸಗಣಿ ಸಾರಿಸಿದ ಕಣದ ಮೇಲೆ ಬಿದ್ದದ್ದೇ ಎಡಕ್ಕೋ ಬಲಕ್ಕೋ ಹೊರಳುತ್ತಿತ್ತು. ಮೂರು ದಿನ ನಾನು ಗಾಳಿಯನ್ನಷ್ಟೇ ಬಾರಿಸಿದೆ. ನಾಲ್ಕನೆಯ ದಿನ ಗುಟ್ಟು ಸಿಕ್ಕಿತು. ಚೆಂಡು ಯಾವ ಕಡೆ ಹೊರಳಲಿದೆಯೋ ಆ ಕಡೆಗೆ ಮಾವನ ನಾಲಿಗೆಯ ತುದಿ ಮೊದಲೇ ಇಣುಕುತ್ತಿತ್ತು!

ಆಮೇಲೆ ಕೇಳಬೇಕೇ? ಹೊಡೆದದ್ದೆಲ್ಲ ಬಣವೆಯಾಚೆ. "ಹ್ಯಾಂಗ ಹೊಡಿತಿಯೋ, ನಮಗೂ ಕಲಿಸೋ" ಎಂದು ಓಣಿಯ ಗೆಳೆಯರು ಬೆನ್ನುಬಿದ್ದರು. ನಾನು ನಾಲಿಗೆಯ ವಿಷಯ ಬಚ್ಚಿಟ್ಟು, "ಎಡಗಾಲ ಮುಂದಿಡ್ರಲೇ, ಮೊಣಕೈ ಮ್ಯಾಲೆತ್ರಲೇ" ಎಂದು ಮಾಸ್ತರನಂತೆ ಗದರಿಸಿ ಪಾಠ ಹೇಳಿದೆ. ಮಾವ ಬಣವೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡ; ಹೊಡೆಯುವಾಗ ನನ್ನ ಕಣ್ಣು ಅವನ ಬಾಯಿಯ ಮೇಲೇ ಇರುತ್ತಿದ್ದುದನ್ನು ಅವನೂ ಗಮನಿಸಿದ್ದನೇನೋ.

ಮರುದಿನ ಅವನು ಕಣದಲ್ಲಿ ಕಾಳು ತೂರಿ ರಾಶಿ ಮಾಡುವವರಂತೆ ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಂಡು ಬಂದ.

"ಧೂಳ ಭಾಳ ಅದಲೇ" ಎಂದ.

ಧೂಳೆಲ್ಲಿಯದು? ರಾಶಿ ಮುಗಿದು ವಾರವಾಗಿತ್ತು. ನನ್ನ ಶಿಷ್ಯರೆಲ್ಲ ನೋಡುತ್ತಿರುವಾಗಲೇ ಮೊದಲ ಚೆಂಡು ನನ್ನ ಬೆನ್ನ ಹಿಂದಿನ ಮೂರು ಕಟ್ಟಿಗೆಗಳನ್ನೂ ಉರುಳಿಸಿತು. ಮಾವ ನಿಧಾನವಾಗಿ ವಸ್ತ್ರ ಕೆಳಗೆ ಸರಿಸಿ, ನನಗೆ ನಾಲಿಗೆಯನ್ನು ಪೂರ್ತಿ ಚಾಚಿ ತೋರಿಸಿದ.