ಮಂಗಳವಾರದ ಫಾದರ್

ಮೊನ್ನೆ ಲೈಬ್ರರಿಯ ಕೌಂಟರಿನ ಮೇಲೆ ದೀಪಾವಳಿಯ ಸಿಹಿಯ ಡಬ್ಬಿ ಇಟ್ಟೆ. ಅಲ್ಲಿದ್ದ ಹೆಂಗಸು ನಕ್ಕು, ಎರಡು ಬೆರಳಿನಿಂದ ಅದನ್ನು ನನ್ನತ್ತಲೇ ಸರಿಸಿದಳು. ನಗರಸಭೆಯ ನೌಕರರು ಉಡುಗೊರೆ ತೆಗೆದುಕೊಳ್ಳುವಂತಿಲ್ಲವಂತೆ. ಬೇರೆ ದಿನವಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದೆನೇನೋ. ಆದರೆ ಆ ಎರಡು ಬೆರಳು ಕಂಡದ್ದೇ ಫಾದರ್ ಲಿಯೊ ನೆನಪಾದರು.

ಅವರನ್ನು ನಿಮಗೆ ಪರಿಚಯಿಸಬೇಕು. ಕಡಲಾಚೆಯ ಈ ದೇಶದಲ್ಲಿ, ವಾಲ್ನಟ್ ಕ್ರೀಕ್ ಪಟ್ಟಣದ ಆಚೆಗಿರುವ ನಮ್ಮ ಪುಟ್ಟ ಊರಿನ ಇಗರ್ಜಿಯ ಪಾದ್ರಿಯಾಗಿದ್ದವರು. ಹುಟ್ಟಿದ್ದು ಕುಂದಾಪುರದ ಕಡೆ. ಬಿಷಪ್ಪರ ಅನುಮತಿ ಪಡೆದು ನಗರಸಭೆಯ ಚುನಾವಣೆಗೆ ನಿಂತರು, ಗೆದ್ದೂಬಿಟ್ಟರು. ಭಾನುವಾರ ಇಗರ್ಜಿಯಲ್ಲಿ ಪೂಜೆ, ಮಂಗಳವಾರ ನಗರಸಭೆಯಲ್ಲಿ ಚರಂಡಿ. ಪಾಪ ಒಪ್ಪಿಸಲು ಬಂದವರು ರಸ್ತೆಯ ಗುಂಡಿಯ ದೂರನ್ನೂ ಒಪ್ಪಿಸಿಯೇ ಏಳುತ್ತಿದ್ದರು.

ಧಾರವಾಡದಿಂದ ಬಂದಿದ್ದ ನನ್ನ ಅಮ್ಮನಿಗೆ ಕಾರು ಓಡಿಸಲು ಬಾರದು, ಬಸ್‌ಸ್ಟಾಪಿನಲ್ಲಿ ನೆರಳಿಲ್ಲ. ಮೀಟಿಂಗುಗಳಲ್ಲೇ ಮುಳುಗೇಳುತ್ತಿದ್ದ ನಾನು "ವೀಕೆಂಡಿಗೆ ನೋಡೋಣ" ಎನ್ನುತ್ತಿದ್ದೆ. ಅಮ್ಮ ಶೇಂಗಾ ಉಂಡಿ ಕಟ್ಟಿಕೊಂಡು ನೇರ ನಗರಸಭೆಗೇ ಹೋದಳು.

"ತಗೋರಿ ಫಾದರ, ಬಾಯಿ ಸಿಹಿ ಮಾಡ್ಕೋರಿ. ಆ ಬಸ್‌ಸ್ಟಾಪಿಗೆ ಒಂದು ಸೂರು ಬೇಕ್ರಿ."

ಅವರು ಎರಡು ಬೆರಳಿನಿಂದ ಡಬ್ಬಿಯನ್ನು ಹಿಂದಕ್ಕೆ ಸರಿಸಿದರು. "ಇಲ್ಲಿ ಬೇಡ ಅಮ್ಮ, ಇಲ್ಲಿ ನಾನು ಮೆಂಬರು. ಭಾನುವಾರ ಇಗರ್ಜಿಗೆ ತನ್ನಿ, ಎಲ್ಲರಿಗೂ ಹಂಚುವ. ಸೂರಿನ ವಿಷಯ ಮಾತ್ರ ಈಗಲೇ ಹೇಳಿ."

"ಅಲ್ರೀ, ಮನುಷ್ಯಾ ಒಬ್ಬನ, ಹೊಟ್ಟಿ ಎರಡೇನ್ರಿ?"

ಹೀಗೆ, ಹಣೆಗೆ ವಿಭೂತಿ ಹಚ್ಚಿದ ನನ್ನಮ್ಮ ಭಾನುವಾರ ಭಾನುವಾರ ಇಗರ್ಜಿಯ ಬಾಗಿಲಲ್ಲಿ ಉಂಡಿ ಹಂಚತೊಡಗಿದಳು.

ಅಷ್ಟರಲ್ಲಿ ಹೊಸ ಬಿಷಪ್ಪರು ಬಂದರು. ಪೂಜೆಯ ಪೀಠವೋ ನಗರಸಭೆಯ ಕುರ್ಚಿಯೋ, ಒಂದನ್ನು ಆರಿಸಿಕೊಳ್ಳಿ ಎಂದು ಪತ್ರ ಬರೆದರು. ಸೂರಿನ ವಿಷಯ ಸಭೆಗೆ ಬರುವ ಮೊದಲೇ ಫಾದರ್ ಕುರ್ಚಿ ಬಿಟ್ಟರು. ಅಂದು ಅಮ್ಮ ಉಂಡಿಯ ಡಬ್ಬಿ ಹಿಡಿದು ಹೋದಾಗ ಅವರು ತಮ್ಮ ಕಾಗದಪತ್ರ ಹೊತ್ತು ನಗರಸಭೆಯ ಮೆಟ್ಟಿಲಿಳಿಯುತ್ತಿದ್ದರು.

"ಇನ್ನರ ತಗೋಬಹುದಲ್ರೀ?"

"ಇನ್ನು ಎಲ್ಲಿ ಬೇಕಾದ್ರೂ ತಗೊಳ್ಬಹುದು, ಅಮ್ಮ."

ಒಂದು ಉಂಡಿ ತೆಗೆದುಕೊಂಡರು. ತಿನ್ನಲಿಲ್ಲ, ಕೈಯಲ್ಲಿ ಹಿಡಿದೇ ಕಾರಿನವರೆಗೆ ನಡೆದರು. "ಬ್ಯಾಡ ಅನ್ನೂವಾಗ ಆ ಮಾರಿಯೊಳಗ ಎಷ್ಟು ಕಳೆ ಇತ್ತು" ಎಂದು ಅಮ್ಮ ಆ ದಿನವೆಲ್ಲ ಹಲುಬಿದಳು.

ಅಮ್ಮ ತೀರಿಹೋಗಿ ವರ್ಷಗಳಾದವು. ಮೊನ್ನೆ ಲೈಬ್ರರಿಯಿಂದ ಮನೆಗೆ ಹೋಗದೆ ಬರ್ಕ್ಲಿಗೆ, ವಯಸ್ಸಾದ ಪಾದ್ರಿಗಳು ಇರುವ ಮನೆಗೆ ಕಾರು ತಿರುಗಿಸಿದೆ. ಫಾದರ್ ಕಿಟಕಿಯ ಬಳಿ ಕೂತಿದ್ದರು. ನನ್ನ ಗುರುತು ಹತ್ತಿದ್ದೇ, ಕ್ಷೇಮಸಮಾಚಾರವನ್ನೂ ಕೇಳದೆ,

"ಅಮ್ಮನ ಸೂರು ಆಯ್ತಾ ಮಾರಾಯ್ರೆ?" ಎಂದರು.

"ಇಲ್ಲ ಫಾದರ್."

"ನೀವು ಹೋಗಿ ಕೇಳಿದ್ರಾ?"

ಇಷ್ಟು ವರ್ಷ ಆ ಸ್ಟಾಪಿನ ಮುಂದೆ ಎ.ಸಿ. ಹಾಕಿಕೊಂಡು ಹಾದುಹೋದವನು ನಾನು.

"ನಗರಸಭೆಯ ಮೀಟಿಂಗಿಗೆ ಯಾರು ಹೋದ್ರೂ ಮೂರು ನಿಮಿಷ ಮಾತಾಡ್ಲಿಕ್ಕೆ ಬಿಡ್ತಾರೆ. ನೀವು ಮಾತಾಡಿ, ನಾನು ಹಿಂದೆ ಕೂತ್ಕೊಳ್ತೇನೆ. ಬಿಷಪ್ಪರು ಬೇಡ ಅಂದದ್ದು ಮುಂದಿನ ಕುರ್ಚಿ. ಹಿಂದಿನ ಸಾಲಿಗೆ ಎಂತದೂ ಹೇಳ್ಲಿಲ್ಲ." ಆಗಲೇ ಊರುಗೋಲಿಗಾಗಿ ತಡಕಾಡುತ್ತಿದ್ದರು. "ಮಂಗಳವಾರ ಎಷ್ಟು ಹೊತ್ತಿಗೆ ಬರ್ತೀರಿ?"

ಮಂಗಳವಾರ ಸಂಜೆ ನನಗೆ ಆಫೀಸಿನ ಕಾಲ್ ಇತ್ತು.

"ಐದಕ್ಕೇ ಬರ್ತೀನಿ ಫಾದರ್," ಎಂದೆ.